ಟೀಚರಮ್ಮ ಏನಾದಳು?

“ಇದನ್ನ ಬೇಯಿಸಿದ್ದಾದ್ರೂ ಯಾಕೆ? ಹಸಿಯಾಗೇ ಕೊಟ್ಟಿದ್ರೆ ಗ್ಯಾಸ್ ಉಳೀತಿತ್ತು,” ಎಂದು ಅಜ್ಜಿ ತಟ್ಟೆಯನ್ನು ಮುಂದಕ್ಕೆ ತಳ್ಳಿದಳು.

“ಉಪ್ಪು ಸ್ವಲ್ಪ ಕಮ್ಮಿ ಅಷ್ಟೇ ಅತ್ತೆ,” ಎಂದಳು ಸೊಸೆ.

“ಕಮ್ಮಿ ಅಲ್ಲ ಕಣೇ, ಇಲ್ಲವೇ ಇಲ್ಲ. ಕಮ್ಮಿಗೂ ಇಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆ.”

“ಡಾಕ್ಟರ್ ಹೇಳಿದ್ದಾರಲ್ಲಮ್ಮ,” ಎಂದ ಮಗ.

“ಡಾಕ್ಟರ್ ಹೇಳಿದ್ದು ನಿಮಗೆ. ತಿನ್ನೋಳು ಮಾತ್ರ ನಾನು.”

ಮಗ ಹೆಂಡತಿಯ ಮುಖ ನೋಡಿದ, ಹೆಂಡತಿ ಬೇಳೆಯ ಪಾತ್ರೆ ನೋಡಿದಳು. ಇಬ್ಬರಿಗೂ ಒಳಗೊಳಗೇ ಚುರುಕ್ಕೆಂದಿತ್ತು, ಯಾಕೆಂದರೆ ಅಜ್ಜಿ ಸುಮ್ಮನೆ ಆಡಿದ ಮಾತು ನಿಜವಾಗಿತ್ತು.

ಅಜ್ಜಿಯ ಹೃದಯದ ಒಂದು ಕವಾಟ ಸರಿಯಾಗಿ ತೆರೆದುಕೊಳ್ಳುತ್ತಿರಲಿಲ್ಲ. ಬಚ್ಚಲಿಂದ ಹಾಸಿಗೆಗೆ ಬರುವಷ್ಟರಲ್ಲಿ ನಡುವೆ ಒಂದು ಸಲ ಕೂರಬೇಕು. ಸಂಜೆಯಾದರೆ ಪಾದ ಊದಿ ಚಪ್ಪಲಿಯ ಪಟ್ಟಿ ಅಚ್ಚೊತ್ತಿರುತ್ತದೆ. ಆಸ್ಪತ್ರೆಗೆ ಹೋದ ದಿನ ಡಾಕ್ಟರು ಅವಳನ್ನು ಇಸಿಜಿ ಕೋಣೆಗೆ ಕಳಿಸಿ, ಮಗ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಹೀಗೇ ಬಿಟ್ಟರೆ ವರ್ಷ ಕಳೆಯುವುದು ಕಷ್ಟ. ಆಪರೇಷನ್ ಮಾಡಿಸುವುದು ಒಳ್ಳೆಯದು. ಆದರೆ ಈ ವಯಸ್ಸು, ಜೊತೆಗೆ ಸಕ್ಕರೆ ಕಾಯಿಲೆ, ಇಂಥವರಲ್ಲಿ ಹತ್ತಕ್ಕೆ ಒಬ್ಬರು ಮೇಜಿನ ಮೇಲಿಂದ ಏಳುವುದಿಲ್ಲ. ಅವರಿಗೂ ತಿಳಿಸಿ, ತಿಂಗಳೊಳಗೆ ಒಂದು ತೀರ್ಮಾನಕ್ಕೆ ಬನ್ನಿ ಎಂದಿದ್ದರು. ಮಗ ಹೊರಗೆ ಬಂದವನೇ, “ಸಣ್ಣ ಆಪರೇಷನ್ನಂತಮ್ಮ, ಭಯ ಪಡೋಂಥದ್ದು ಏನೂ ಇಲ್ಲವಂತೆ,” ಎಂದುಬಿಟ್ಟ. ಸೊಸೆ ಪಕ್ಕದಲ್ಲಿ ನಿಂತು ತಲೆಯಾಡಿಸಿದಳು.

“ಸಣ್ಣದಾದ್ರೆ ಅದನ್ನ ಯಾಕೆ ಮಾಡಿಸ್ಬೇಕು? ದೊಡ್ಡದಾದ್ಮೇಲೆ ನೋಡೋಣ ಬಿಡು,” ಎಂದು ಅಜ್ಜಿ ಆಟೊ ಹತ್ತಿ ಕೂತಿದ್ದಳು. ಅಂದಿನಿಂದ ಆ ಮಾತು ಎತ್ತಿದರೆ ಸಾಕು, ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ಊರಿನ ಅರ್ಧ ಜಗಳಗಳನ್ನು ಕೇಳಿಸಿಕೊಂಡಿದ್ದ ಕಿವಿ ಅದು; ಬೇಡ ಅನಿಸಿದಾಗ ಮಾತ್ರ ಮಂದವಾಗುತ್ತಿತ್ತು.

ತಟ್ಟೆಗೆ ಮೊಸರು ಬಿದ್ದ ಮೇಲೆ ಮೊಮ್ಮಗಳು ಎಂದಿನಂತೆ ಶುರುಮಾಡಿದಳು. “ಸರಿ, ಯಾರು ಏನು ಓದ್ತಿದ್ದೀರಿ?”

ಇವಳನ್ನು ಮನೆಯಲ್ಲಿ ಎಲ್ಲರೂ ಪಿಟೀಲು ಅನ್ನುತ್ತಾರೆ. ಕೂಸಾಗಿದ್ದಾಗ ಸಣ್ಣ ದನಿಯಲ್ಲಿ ಬಿಡದೆ ಕುಯ್ಯುತ್ತಿದ್ದಳಂತೆ. ಈಗ ಕಾಲೇಜಿಗೆ ಹೋಗುತ್ತಾಳೆ, ಕುಯ್ಯುವುದು ಬಿಟ್ಟಿಲ್ಲ. ಇನ್ನು ಈ ಪ್ರಶ್ನೆ ಅವಳದಲ್ಲ, ತೀರಿಹೋದ ತಾತನದು. ತಾತ ಪುಸ್ತಕ ಬೈಂಡ್ ಮಾಡುತ್ತಿದ್ದ. ಈಗ ಅದೇ ಅಂಗಡಿಯಲ್ಲಿ ಮಗ ಕೂರುತ್ತಾನೆ. ರಾತ್ರಿಯ ಊಟಕ್ಕೆ ಕೂತವರು ತಾವು ಏನು ಓದುತ್ತಿದ್ದೇವೆ, ಮುಂದೆ ಅದನ್ನು ಮನೆಯಲ್ಲಿ ಯಾರು ಓದಬೇಕು ಅನ್ನುವುದನ್ನು ಹೇಳಬೇಕು. ಒಂದೇ ಒಂದು ಷರತ್ತು, ಮುಗಿಸಿದ ಪುಸ್ತಕದ ಮಾತು ಕೂಡದು. ಓದಿ ಮುಗಿಸಿದವನು ಬಾಯಿ ತಪ್ಪಿ ಕೊನೆ ಹೇಳಿಬಿಡುತ್ತಾನೆ, ಆಮೇಲೆ ಉಳಿದವರಿಗೆ ಓದುವ ರುಚಿಯೇ ಇರುವುದಿಲ್ಲ ಎಂದು ತಾತನ ವಾದ. ಹಾಗಾಗಿ ಈ ಮನೆಯಲ್ಲಿ ಪುಸ್ತಕಗಳನ್ನು ಹೊಗಳುವುದು, ಒಬ್ಬರಿಗೊಬ್ಬರು ದಾಟಿಸುವುದು ಎಲ್ಲವೂ ಅರ್ಧದಲ್ಲೇ.

“ನಾನು ಸೇತುವೆ ಕಟ್ಟೋರ ಕಥೆ ಓದ್ತಿದ್ದೀನಿ,” ಎಂದ ಮಗ. “ಪಿಟೀಲು ಓದ್ಲಿ.”

“ನಂದು ಕೊಲೆ. ಅಪ್ಪ ಓದ್ಲಿ, ಸ್ವಲ್ಪ ಎಚ್ಚರ ಆಗುತ್ತೆ. ಅಜ್ಜಿ, ನಿಂದು?”

“ಏನೂ ಇಲ್ಲ.”

ಅಜ್ಜಿ ಏನೂ ಇಲ್ಲ ಎನ್ನತೊಡಗಿ ಎಷ್ಟೋ ದಿನಗಳಾಗಿದ್ದವು. ಆಪರೇಷನ್ ಬೇಡ ಅಂದದ್ದಕ್ಕಿಂತ ಸೊಸೆಗೆ ಇದೇ ಹೆಚ್ಚು ದಿಗಿಲು ಹುಟ್ಟಿಸಿತ್ತು. ಅವಳು ಒಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಮಾತ್ರೆ ಕೊಳ್ಳಲು ಬಂದವರ ಮುಖ ನೋಡಿಯೇ ಯಾರು ನುಂಗುತ್ತಾರೆ, ಯಾರು ಬಚ್ಚಲಿಗೆ ಎಸೆಯುತ್ತಾರೆ ಎಂದು ಅಂದಾಜು ಮಾಡುತ್ತಾಳೆ. ಅತ್ತೆಯ ಮುಖ ಎರಡನೆಯ ಜಾತಿಯದಾಗಿತ್ತು.

“ಅತ್ತೆ, ನಾನೊಂದು ಕಾದಂಬರಿ ಓದ್ತಿದ್ದೀನಿ, ಅರ್ಧ ಆಗಿದೆ. ನಿಮಗೇ ಅಂತ ಹೇಳಿ ಬರೆಸಿದ ಹಾಗಿದೆ,” ಎಂದಳು. “ಒಬ್ಬಳು ಟೀಚರಮ್ಮ, ನಿಮ್ಮದೇ ತೊಂದರೆ. ಆಪರೇಷನ್ ಸುತರಾಂ ಬೇಡ ಅಂತ ಕೂತಿರ್ತಾಳೆ. ಆಮೇಲೆ ವಾರ್ಡಲ್ಲಿ ಇನ್ನೊಬ್ಬಳು ಹೆಂಗಸು ಸಿಗ್ತಾಳೆ, ಎಂಥಾ ಬಜಾರಿ ಅಂತೀರಿ! ಅವಳು ಇವಳನ್ನ ಬೈದೂ ಬೈದೂ ಒಪ್ಪಿಸ್ತಾಳೆ.”

“ಬೈಯೋಕೆ ಪುಸ್ತಕ ಬೇರೆ ಬೇಕಾ? ನೀವು ಮೂರು ಜನ ಇದ್ದೀರಲ್ಲ.”

ಅಂದಳೇನೋ ನಿಜ. ಆದರೆ ಮಾರನೆಯ ದಿನ ಸೊಸೆ ಕೆಲಸದಿಂದ ಬರುವಾಗ ಪುಸ್ತಕ ಅಜ್ಜಿಯ ತೊಡೆಯ ಮೇಲಿತ್ತು.

ಮುಂದಿನ ವಾರವೆಲ್ಲ ಮನೆ ಸ್ವಲ್ಪ ಉಸಿರಾಡಿತು. ಅಜ್ಜಿ ಭೂತಗನ್ನಡಿ ಹಿಡಿದು ದಿನಕ್ಕೆ ಕೆಲವೇ ಪುಟ ಓದುತ್ತಿದ್ದಳು. ಸಾಲಿನ ಮೇಲೆ ಬೆರಳಿಟ್ಟು, ಇಷ್ಟವಾದದ್ದನ್ನು ಎರಡು ಸಲ. ಅವಳು ಮಲಗಿದಾಗ ಸೊಸೆ ಅದೇ ಪುಸ್ತಕವನ್ನು ಎತ್ತಿಕೊಂಡು ತಾನು ಬಿಟ್ಟಲ್ಲಿಂದ ಒಂದಿಷ್ಟು ಓದಿ ವಾಪಸ್ ಇಡುತ್ತಿದ್ದಳು. ಊಟಕ್ಕೆ ಕೂತಾಗ ಅಜ್ಜಿಯದೇ ದೊಡ್ಡ ವರದಿ. ಟೀಚರಮ್ಮನ ಗಂಡ ಬರೀ ಬೆಪ್ಪ. ಟೀಚರಮ್ಮನ ಮಗಳು ಪರವಾಗಿಲ್ಲ, ಸ್ವಲ್ಪ ನಾಲಿಗೆ ಉದ್ದ. ವಾರ್ಡಿನ ಬಜಾರಿ ಮಾತ್ರ ಚಿನ್ನದಂಥ ಹೆಂಗಸು. ಉಪ್ಪಿಲ್ಲದ ಬೇಳೆಯನ್ನು ಬೈಯುತ್ತಲೇ ತಿಂದು ಮುಗಿಸುತ್ತಿದ್ದಳು.

ಒಂದು ಸಂಜೆ, ತಟ್ಟೆಗೆ ಕೈ ಹಾಕುವ ಮೊದಲೇ, “ಟೀಚರಮ್ಮ ಒಪ್ಪಿಕೊಂಡ್ಲು,” ಎಂದು ಸಾರಿದಳು.

“ಹಾಗಾದ್ರೆ ನೀನು?” ಎಂದ ಮಗ.

ಅಜ್ಜಿ ನೀರು ಕುಡಿದಳು, ಬಾಯಿ ಒರೆಸಿಕೊಂಡಳು, ಮಗನನ್ನು ಕಾಯಿಸಿದಳು. “ಅವಳು ಒಳಗೆ ಹೋಗಿ ಎದ್ದು ಬರ್ಲಿ. ಅವಳು ಬಂದ್ರೆ ನಾನೂ ಹೋಗ್ತೀನಿ. ಮಾತು ಅಂದ್ರೆ ಮಾತು.”

ಮಗನಿಗೆ ಎಷ್ಟು ಖುಷಿಯಾಯಿತೆಂದರೆ ಅವನು ಆ ದಿನ ತಾನೇ ಪಾತ್ರೆ ತೊಳೆದ. ಎರಡು ಲೋಟ ಒಡೆದ, ಯಾರೂ ಏನೂ ಅನ್ನಲಿಲ್ಲ.

ಭಾನುವಾರ ಮಧ್ಯಾಹ್ನ ಅಜ್ಜಿ ನಿದ್ದೆ ಹೋಗಿದ್ದಳು. ಸೊಸೆ ಒಗೆದ ಬಟ್ಟೆ ಹಿಂಡಿ ಹರವಿ, ಹಿತ್ತಲ ಮೆಟ್ಟಿಲ ಮೇಲೆ ಕೂತು ಕಾದಂಬರಿಯ ಉಳಿದ ಭಾಗವನ್ನು ಒಂದೇ ಉಸಿರಿಗೆ ಓದಿ ಮುಗಿಸಿದಳು. ಪಿಟೀಲು ನೀರು ಕುಡಿಯಲು ಬಂದು ನೋಡಿದಾಗ ಅಮ್ಮ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಬೆಪ್ಪಾಗಿ ಕೂತಿದ್ದಳು.

“ಏನಾಯ್ತಮ್ಮ?”

“ಅಪ್ಪನ್ನ ಕರಿ. ಮೆಲ್ಲಗೆ.”

ಮೂವರೂ ಅಡುಗೆಮನೆ ಸೇರಿ ಬಾಗಿಲು ಮುಂದೆ ಮಾಡಿಕೊಂಡರು. ಅಜ್ಜಿಗೆ ಕೇಳಿಸದಿರಲಿ ಎಂದು ಪಿಟೀಲು ಖಾಲಿ ಮಿಕ್ಸಿ ತಿರುಗಿಸಿದಳು.

“ಟೀಚರಮ್ಮ ಸಾಯ್ತಾಳೆ,” ಎಂದಳು ಸೊಸೆ. “ಆಪರೇಷನ್ ಮೇಜಿನ ಮೇಲೇ.”

ಮಗ ಪುಸ್ತಕವನ್ನು ಅವಳ ಕೈಯಿಂದ ಕಿತ್ತುಕೊಂಡ. “ಪೂರ್ತಿ ಓದದೇ ಅಮ್ಮನಿಗೆ ಕೊಟ್ಟೆಯಾ?”

“ಪೂರ್ತಿ ಓದಿದ್ಮೇಲೆ ಮಾತಾಡೋ ಹಾಗಿಲ್ಲವಲ್ಲ ಈ ಮನೇಲಿ! ನಿಮ್ಮಪ್ಪ ಮಾಡಿಟ್ಟ ಕಾನೂನು ತಾನೆ?”

“ಅಪ್ಪನ್ನ ಎಳೀಬೇಡ. ಒಂದು ಆಪರೇಷನ್ ಕಥೆ, ಕೊನೆ ಏನು ಅಂತ ಒಂದು ಸಲ ತಿರುವಿ ನೋಡೋಷ್ಟು ಬುದ್ಧಿ ಬೇಡವಾ?”

“ನನಗೆ ಬುದ್ಧಿ ಇಲ್ಲ ರೀ. ಕಾರಿಡಾರಲ್ಲಿ ನಿಂತು ಸಣ್ಣ ಆಪರೇಷನ್ ಅಂತ ಅಂದ ಬುದ್ಧಿವಂತರು ನೀವೇ ತಾನೆ? ಅವತ್ತೇ ಇದ್ದದ್ದು ಇದ್ದ ಹಾಗೆ ಹೇಳಿದ್ರೆ ನಾನ್ಯಾಕೆ ಪುಸ್ತಕ ಕೊಟ್ಟು ಪೂಸಿ ಹೊಡೀಬೇಕಿತ್ತು?”

“ಹೇಳಿದ್ರೆ ಅವಳು ಅಲ್ಲೇ ಕುಸಿದು ಹೋಗ್ತಿದ್ಲು.”

“ಏ ಜಗಳ ಆಮೇಲೆ ಆಡಿ,” ಎಂದು ಪಿಟೀಲು ಹಲ್ಲು ಕಚ್ಚಿ ಹೇಳಿದಳು. “ಅಜ್ಜಿಗೆ ಇನ್ನೆಷ್ಟು ಪುಟ ಉಳಿದಿದೆ?”

ಒಳಗಿನಿಂದ ಅಜ್ಜಿಯ ದನಿ ಬಂತು. “ಖಾಲಿ ಮಿಕ್ಸಿ ಯಾಕ್ರೇ ತಿರುಗಿಸ್ತಿದ್ದೀರಿ? ಸುಟ್ಟು ಹೋಗುತ್ತೆ!”

ಮೊದಲು ಮಾಡಿದ ಉಪಾಯ ಬೇರೆ ಪುಸ್ತಕಗಳದು. ಮಗ ಅಂಗಡಿಯಿಂದ ತಂದ, ಸೊಸೆ ತಂದಳು, ಪಿಟೀಲು ಕಾಲೇಜಿನ ಲೈಬ್ರರಿಯಿಂದ ತಂದಳು. ಊಟದ ಹೊತ್ತಿಗೆ ಮೂವರೂ ಒಂದೇ ಸಮನೆ ಹೊಗಳತೊಡಗಿದರು. ಇದು ಓದಮ್ಮ, ಹೊಟ್ಟೆ ಹುಣ್ಣಾಗೋ ಹಾಗೆ ನಗ್ತೀಯ. ಅತ್ತೆ, ಇದರಲ್ಲಿ ಒಂದು ಕುಟುಂಬದ ಐದು ತಲೆಮಾರು ಬರುತ್ತೆ. ಅಜ್ಜಿ, ಇದರಲ್ಲಿ ಬರೀ ಬೆಕ್ಕುಗಳು.

“ಏನಾಗಿದೆ ನಿಮಗೆಲ್ಲ? ಸಂತೆಗೆ ಬಂದಿದ್ದೀನಾ ನಾನು?” ಎಂದಳು ಅಜ್ಜಿ. “ಟೀಚರಮ್ಮನ್ನ ಆಸ್ಪತ್ರೇಲಿ ಬಿಟ್ಟು ಬೆಕ್ಕಿನ ಹಿಂದೆ ಹೋಗಲಾ? ನಾಡಿದ್ದು ಅವಳ ಆಪರೇಷನ್.”

ನಾಡಿದ್ದು ಎಂದಾಗ ಮಗನ ಗಂಟಲಲ್ಲಿ ತುತ್ತು ನಿಂತಿತು. ಅಜ್ಜಿಯೇ ಬೆನ್ನಿಗೆ ಗುದ್ದಿ ನೀರು ಕುಡಿಸಿದಳು.

ಮರುದಿನ ಬೆಳಿಗ್ಗೆ ಅವನು, “ಇದರ ಬೆನ್ನು ಸಡಿಲ ಆಗಿದೆಯಮ್ಮ, ಬಿಟ್ಟುಕೊಂಡು ಬಿಡುತ್ತೆ, ಸಂಜೆಗೆ ಸರಿ ಮಾಡಿ ತರ್ತೀನಿ,” ಎಂದು ಪುಸ್ತಕವನ್ನು ಅಂಗಡಿಗೆ ಒಯ್ದ. ದೊಡ್ಡ ಹಾಳೆಯೊಂದನ್ನು ಮಡಚಿದರೆ ಹದಿನಾರು ಪುಟ ಆಗುತ್ತದೆ; ಬೈಂಡರುಗಳು ಅದನ್ನು ಒಂದು ಫಾರಂ ಅನ್ನುತ್ತಾರೆ. ಅಂಥ ಫಾರಂಗಳನ್ನು ಒಂದರ ಮೇಲೊಂದು ಹೊಲಿದರೆ ಪುಸ್ತಕ. ಅವನು ರಟ್ಟು ಬಿಚ್ಚಿ, ದಾರ ಕತ್ತರಿಸಿ, ಕೊನೆಯ ಫಾರಂ ಬೇರ್ಪಡಿಸಿದ. ಮತ್ತೆ ಗಂಟು ಹಾಕಿ, ಅಂಟು ಹಚ್ಚಿ, ಭಾರ ಹೇರಿ ಇಟ್ಟ. ಗಿರಾಕಿಗಳ ಪುಸ್ತಕದಲ್ಲಿ ಬಿಟ್ಟುಹೋದ ಹಾಳೆಗಳನ್ನು ಹುಡುಕಿ ಸೇರಿಸುವುದೇ ಅವನ ಹೊಟ್ಟೆಪಾಡು. ಇದ್ದದ್ದನ್ನು ಕಿತ್ತದ್ದು ಇದೇ ಮೊದಲು. ಅವನಿಗೆ ನಾಚಿಕೆಯಾಯಿತು, ತೆಗೆದ ಫಾರಂ ಎಸೆಯಲು ಮನಸ್ಸು ಬಾರದೆ ಗಲ್ಲಾಪೆಟ್ಟಿಗೆಯ ಕೆಳಗೆ ತುರುಕಿದ.

ಅಜ್ಜಿ ಫಾರಂ ಕಿತ್ತ ಜಾಗಕ್ಕೆ ಬಂದದ್ದು ಎರಡು ದಿನ ಬಿಟ್ಟು, ಸಂಜೆ ಚಹಾದ ಹೊತ್ತಿಗೆ.

“ಡಾಕ್ಟರ್ ಕುರ್ಚಿ ಎಳಕೊಂಡು ಟೀಚರಮ್ಮನ ಹತ್ತಿರ ಕೂತ್ರು ಅಂತ ಇದೆ. ಆಮೇಲೆ ಇಲ್ಲವೇ ಇಲ್ಲ!” ಎಂದು ಕೂಗಿಕೊಂಡಳು. ಕೂಗಿದ್ದಕ್ಕೇ ಏದುಸಿರು ಬಂತು. ಮಗ ಓಡಿ ಬಂದು ಪುಸ್ತಕ ತಿರುಗಿಸಿ ಮುರುಗಿಸಿ ನೋಡಿದ. “ಅಯ್ಯೋ, ಒಂದು ಫಾರಂ ಬಿಟ್ಟುಹೋಗಿದೆ. ಪ್ರೆಸ್ಸಿನೋರ ತಪ್ಪು. ಆಗುತ್ತೆ ಹೀಗೆ.”

“ಈಗ ಟೀಚರಮ್ಮ ಏನಾದ್ಲು ಅಂತ ಯಾರನ್ನ ಕೇಳ್ಲಿ?”

“ಚೆನ್ನಾಗಾದ್ಲು ಬಿಡಮ್ಮ.”

ಫಾರಂ ತೆಗೆದ ಕೆಲಸ ಅಚ್ಚುಕಟ್ಟಾಗಿತ್ತು. ಆದರೆ ಅದರ ಜಾಗದಲ್ಲಿ ಏನು ಹೇಳಬೇಕು ಎಂದು ಮೂವರೂ ಕೂತು ಮಾತಾಡಿಕೊಂಡಿರಲಿಲ್ಲ. ಅಜ್ಜಿ ಒಬ್ಬೊಬ್ಬರನ್ನೇ ಹಿಡಿದಳು. ಮಗ ಬಚ್ಚಲ ನಲ್ಲಿ ರಿಪೇರಿ ಮಾಡುತ್ತಾ ಕೂತಿದ್ದಾಗ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಕೇಳಿದಳು. ಅಂಗಡಿಗೆ ಬಂದ ಇನ್ನೊಂದು ಪ್ರತಿಯಲ್ಲಿ ನೋಡಿದೆ ಎಂದು ಅವನು ಕತೆ ಕಟ್ಟಿದ: ಟೀಚರಮ್ಮ ಹುಷಾರಾಗಿ, ಕೆಲಸ ಬಿಟ್ಟು, ತಂಗಿಯ ಊರಿಗೆ ಹೋಗಿ ತರಕಾರಿ ಬೆಳೆದಳು. ಪಿಟೀಲಿನ ತಲೆ ಬಾಚುತ್ತಾ ಕೇಳಿದಳು. ಪಿಟೀಲು ಹಿಂದೆ ಮುಂದೆ ನೋಡಲಿಲ್ಲ. ಬೆಪ್ಪ ಗಂಡನನ್ನು ಬಿಟ್ಟು ಡಾಕ್ಟರನ್ನೇ ಮದುವೆಯಾದಳು ಎಂದುಬಿಟ್ಟಳು. ಸೊಸೆ ಮಾತ್ರೆಗಳನ್ನು ಡಬ್ಬಿಗೆ ವಿಂಗಡಿಸುತ್ತಿದ್ದಾಗ ಅವಳನ್ನೂ ಕೇಳಿದಳು. ಸೊಸೆ ತಲೆ ಎತ್ತದೆ, “ಸ್ಕೂಲಿಗೆ ವಾಪಸ್ ಹೋದ್ಲು ಅತ್ತೆ. ಮಕ್ಕಳೆಲ್ಲ ಬಾಗಿಲಿಗೆ ಓಡಿ ಬಂದ್ರು,” ಎಂದಳು.

ಆ ರಾತ್ರಿ ಊಟಕ್ಕೆ ಅಜ್ಜಿ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಳು. ಎಲ್ಲರ ತಟ್ಟೆಗೂ ಬಡಿಸಿ ಆಗುವ ತನಕ ಬಾಯಿ ಬಿಡಲಿಲ್ಲ.

“ಟೀಚರಮ್ಮ ತರಕಾರಿ ಬೆಳೆದ್ಲಂತೆ,” ಎಂದಳು. “ಡಾಕ್ಟರನ್ನ ಕಟ್ಟಿಕೊಂಡ್ಲಂತೆ. ಸ್ಕೂಲಿಗೂ ಹೋದ್ಲಂತೆ. ಪಾಪ, ಆ ಹೃದಯ ಇಟ್ಟುಕೊಂಡು ಎಷ್ಟು ಕೆಲಸ ಅವಳಿಗೆ!”

ಮೂವರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಪಿಟೀಲು ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದಳು.

“ಸತ್ತಳು ಅಲ್ವಾ?”

“ಅಮ್ಮ, ಅದು ಬರೀ ಕಥೆ...”

“ಕಥೆ ಅಂತ ನನಗೂ ಗೊತ್ತು ಕಣೋ. ಹಾಳೆ ಕಿತ್ತಿದ್ದು ಯಾರು?”

“ನಾನು,” ಎಂದ ಮಗ.

“ಅವಳು ಸತ್ತರೆ ನಾನು ಹೆದರಿಕೊಳ್ತೀನಿ ಅಂತ.”

“ಹೂಂ.”

“ಒಂದು ಸುಳ್ಳು ಕಥೆಯ ಕೊನೆ ನನಗೆ ತಿಳೀಬಾರದು ಅಂತ ಇಷ್ಟು ಮಾಡಿದವರು,” ಎಂದು ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ನಿಧಾನವಾಗಿ ಕೇಳಿದಳು, “ನನ್ನ ಡಾಕ್ಟರ್ ಹೇಳಿದ ಮಾತಿಗೆ ಏನೇನು ಮಾಡಿದ್ದೀರಿ?”

ಮಗ, “ಅದು ಬೇರೆ ಅಮ್ಮ,” ಎಂದ, ಅಂದ ದನಿಯಲ್ಲೇ ಎಲ್ಲ ಇತ್ತು. ಅಜ್ಜಿ ತಟ್ಟೆಯಲ್ಲಿ ಕೈ ತೊಳೆದು, ಗೋಡೆ ಹಿಡಿದುಕೊಂಡು ಒಬ್ಬಳೇ ಕೋಣೆಗೆ ಹೋದಳು. ಸೊಸೆ ಎದ್ದು ತೋಳು ಹಿಡಿಯಲು ಹೋದರೆ ಕೈ ಕೊಡವಿದಳು.

ಆಮೇಲಿನ ದಿನಗಳು ಆ ಮನೆಗೆ ಶತ್ರುವಿಗೂ ಬೇಡ ಅನ್ನುವಂಥವು. ಊಟ ಅಜ್ಜಿಯ ಕೋಣೆಗೇ ಹೋಗುತ್ತಿತ್ತು, ಅರ್ಧ ವಾಪಸ್ ಬರುತ್ತಿತ್ತು. ಮೇಜಿನ ಸುತ್ತ ಮೂವರು ಕೂತು ಉಂಡು ಏಳುತ್ತಿದ್ದರು. ಯಾರು ಏನು ಓದುತ್ತಿದ್ದೀರಿ ಎಂದು ಕೇಳುವ ಧೈರ್ಯ ಪಿಟೀಲಿಗೂ ಇರಲಿಲ್ಲ. ಮಾತು ಬಂದರೆ ಜಗಳವೇ.

“ನಿಮ್ಮಿಂದಲೇ ಆಗಿದ್ದು.”

“ಪುಸ್ತಕ ಕೊಟ್ಟಿದ್ದು ಯಾರು?”

“ಡಾಕ್ಟರನ್ನ ಮದುವೆ ಮಾಡಿಸಿದ ಮಹಾರಾಯಿತಿ ಯಾರು?”

“ನನಗೆ ಮೊದ್ಲೇ ಹೇಳಿಕೊಡ್ಬೇಕಿತ್ತು! ಸುಳ್ಳು ಹೇಳೋದಾದ್ರೆ ನೆಟ್ಟಗೆ ಹೇಳ್ಬೇಕು!” ಎಂದು ಪಿಟೀಲು ಅಳುತ್ತಾ ಎದ್ದು ಹೋದಳು.

ಡಾಕ್ಟರು ಕೊಟ್ಟ ಗಡುವು ಹತ್ತಿರ ಬಂತು. ಆಸ್ಪತ್ರೆಯಿಂದ ಫೋನ್ ಬಂದಾಗ ಮಗ ಇನ್ನೊಂದು ವಾರ ಕೇಳಿದ. ಒಂದು ಬೆಳಿಗ್ಗೆ ಅಜ್ಜಿ ಹಿತ್ತಲಲ್ಲಿ ತನ್ನ ಟವೆಲ್ಲನ್ನು ತಾನೇ ಹರವಲು ಹೋಗಿ, ತಂತಿ ಹಿಡಿದುಕೊಂಡು ನಿಂತುಬಿಟ್ಟಿದ್ದಳು. ತುಟಿ ನೀಲಿಯಾಗಿತ್ತು, ಕೂಗಲು ದನಿಯಿರಲಿಲ್ಲ. ಸೊಸೆ ಕಿಟಕಿಯಿಂದ ನೋಡಿ ಓಡಿಹೋಗಿ ಅಪ್ಪಿ ಹಿಡಿದುಕೊಂಡಳು. ಅಜ್ಜಿಯ ಎದೆ ಬಡಿಯುವುದು ಅವಳ ಎದೆಗೆ ತಾಕುತ್ತಿತ್ತು.

ಒಳಗೆ ಕರೆತಂದು ಮಲಗಿಸಿದ ಮೇಲೆ ಸೊಸೆಗೆ ತಡೆಯಲಾಗಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತಳು.

“ಅತ್ತೆ, ಡಾಕ್ಟರ್ ಹೇಳಿದ್ದು ಹೇಳಿಬಿಡ್ತೀನಿ. ಮಾಡಿಸದೇ ಇದ್ರೆ ಒಂದು ವರ್ಷ ಕಷ್ಟ. ಮಾಡಿಸಿದ್ರೆ ಹತ್ತರಲ್ಲಿ ಒಬ್ಬರು ಉಳಿಯೋದಿಲ್ಲವಂತೆ. ಇಷ್ಟೇ. ಇನ್ನೇನೂ ಮುಚ್ಚಿಟ್ಟಿಲ್ಲ.”

ಅಜ್ಜಿ ಕಣ್ಣು ಮುಚ್ಚಿಕೊಂಡೇ ಕೇಳಿದಳು. “ಹತ್ತರಲ್ಲಿ ಒಬ್ಬರೋ, ಐದರಲ್ಲಿ ಒಬ್ಬರೋ?”

“ಹತ್ತರಲ್ಲಿ, ಅತ್ತೆ. ನಿಮ್ಮಾಣೆ.”

“ನೀನು ನಿಜಾನೇ ಹೇಳ್ತಿರಬಹುದು. ಆದ್ರೆ ಎಷ್ಟು ಹೇಳಿ ಎಷ್ಟು ಇಟ್ಟುಕೊಂಡಿದ್ದೀಯ ಅಂತ ನನಗೆ ಹೇಗೆ ಗೊತ್ತಾಗ್ಬೇಕು ಹೇಳು? ಮೊದಲಾದ್ರೆ ನಿನ್ನ ಮಾತು ಅಂದ್ರೆ ಕಣ್ಣು ಮುಚ್ಚಿ ಮಾತ್ರೆ ನುಂಗ್ತಿದ್ದೆ.”

ಸೊಸೆ ಅಲ್ಲೇ ಮಂಚದ ಅಂಚಿಗೆ ಹಣೆ ಹಚ್ಚಿ ಅತ್ತಳು. ಅಜ್ಜಿ ಸಮಾಧಾನ ಮಾಡಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, “ಆ ಹಾಳೆ ಎಲ್ಲಿದೆ? ಸುಟ್ಟನಾ ಅವನು?” ಎಂದು ಕೇಳಿದಳು.

ಮಧ್ಯಾಹ್ನದ ಊಟಕ್ಕೆ ಬಂದ ಮಗ ಫಾರಂ ತಂದು ತಾಯಿಯ ಮುಂದಿಟ್ಟ. ಗಲ್ಲಾಪೆಟ್ಟಿಗೆಯ ಕೆಳಗಿದ್ದು ಮೂಲೆಗಳು ಮಡಚಿದ್ದವು. ಅವನು ಉಗುರಿನಿಂದ ಮೂಲೆ ಸರಿಮಾಡುತ್ತಾ ನಿಂತ. ಅಜ್ಜಿ, “ನಿನ್ನ ಊಟ ಆರ್ತಿದೆ, ಹೋಗು,” ಎಂದು ಭೂತಗನ್ನಡಿ ಎತ್ತಿಕೊಂಡಳು.

ಅವಳು ಓದಿ ಮುಗಿಸುವವರೆಗೆ ಮನೆಯವರು ಆ ಕೋಣೆಯ ಮುಂದೆ ತುದಿಗಾಲಲ್ಲಿ ಓಡಾಡಿದರು. ಮಾರನೆಯ ದಿನ ರಾತ್ರಿ ಅಜ್ಜಿ ತಾನಾಗಿ ಎದ್ದು ಮೇಜಿಗೆ ಬಂದಳು. ಪಿಟೀಲು ಕುರ್ಚಿ ಎಳೆದು ಕೊಟ್ಟಳು. ಬೇಳೆ, ಬೇಯಿಸಿದ ಆಲೂಗಡ್ಡೆ, ಮೊಸರು. ಉಪ್ಪಿನ ಮಾತು ಯಾರೂ ಆಡಲಿಲ್ಲ.

“ಟೀಚರಮ್ಮ ಸತ್ತಳು,” ಎಂದಳು ಅಜ್ಜಿ. “ಅಳು ಕೂಡ ಬಂತು. ನಾನು ಅತ್ತುಬಿಟ್ಟೆ. ಯಾವತ್ತೋ ಎಕ್ಸ್‌ಚೇಂಜಲ್ಲಿ ಕೂತು ಅತ್ತಿರಬೇಕು, ಆಮೇಲೆ ಇದೇ.”

“ಸಾರಿ ಅಮ್ಮ,” ಎಂದ ಮಗ.

“ತಡಿ. ನೀನು ಕಿತ್ತ ಹಾಳೇಲಿ ಅವಳು ಸಾಯೋದು ಕೊನೇ ಎರಡು ಪುಟ. ಅದಕ್ಕೆ ಮುಂಚೆ ಏನಿದೆ ಅಂತ ನೀನು ಓದಿದ್ದೀಯ?”

ಅವನು ಓದಿರಲಿಲ್ಲ. ಹೆಂಡತಿ ಹೇಳಿದ್ದನ್ನು ಕೇಳಿ ಕಿತ್ತಿದ್ದ, ಅಷ್ಟೇ.

“ಡಾಕ್ಟರ್ ಅವಳ ಹತ್ತಿರ ಕೂತು ಎಲ್ಲ ಹೇಳ್ತಾರೆ. ಎಲ್ಲಿ ಕೊಯ್ತೀವಿ, ಏನು ಆಗಬಹುದು, ಏನು ಆಗದೆ ಹೋಗಬಹುದು. ಅವಳು ಒಂದೊಂದೇ ಕೇಳ್ತಾಳೆ. ಕೇಳಿ ಮುಗಿಸಿ, ಆಮೇಲೆ ಗಂಡನ್ನ ಕರೆದು ಬೀರುವಿನ ಕೀಲಿ ಎಲ್ಲಿದೆ ಅಂತ ಹೇಳ್ತಾಳೆ. ಮಗಳ ಜೊತೆ ಒಂದು ಹಳೇ ಜಗಳ ಇತ್ತು, ಅದನ್ನ ಮುಗಿಸ್ತಾಳೆ. ಎಲ್ಲ ತಿಳಿದುಕೊಂಡೇ ಒಳಗೆ ಹೋದ್ಲು. ನನಗೆ ಬೇಕಾಗಿದ್ದಿದ್ದು ಅದು. ನೀವು ಕಿತ್ತಿದ್ದೂ ಅದನ್ನೇ.”

ಸೊಸೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಪುಸ್ತಕ ಓದಿ ಮುಗಿಸಿದ ಅವಳಿಗೂ ಆ ಪುಟಗಳು ನೆನಪಿರಲಿಲ್ಲ; ಸಾವು ಬಂದ ಮೇಲೆ ಬೇರೆಲ್ಲ ಮರೆತುಹೋಗಿತ್ತು.

“ನಾಳೆ ಆಸ್ಪತ್ರೆಗೆ ಹೋಗೋಣ,” ಎಂದಳು ಅಜ್ಜಿ. “ಡಾಕ್ಟರ್ ಹತ್ತಿರ ನಾನೊಬ್ಬಳೇ ಕೂರ್ತೀನಿ. ನೀವು ಯಾರೂ ಒಳಗೆ ಬರಕೂಡದು.”

“ನಿನಗೆ ಅವರು ಹೇಳೋ ಹೆಸರುಗಳು ಅರ್ಥ ಆಗದೇ ಹೋದ್ರೆ?”

“ಅರ್ಥ ಆಗೋವರೆಗೂ ಕೇಳ್ತೀನಿ. ಈಗ ಆಲೂಗಡ್ಡೆ ಹಾಕು.”

ಆಸ್ಪತ್ರೆಯಲ್ಲಿ ಮೊದಲು ರಕ್ತ ತೆಗೆದರು, ಎದೆಗೆ ತಣ್ಣನೆಯ ಅಂಟು ಹಚ್ಚಿ ಸ್ಕ್ಯಾನ್ ಮಾಡಿದರು. ಹಿಂದಿನದಕ್ಕೆ ಈಗ ವಾರಗಳೇ ಆಗಿವೆ, ಹೊಸದಾಗಿ ನೋಡಲೇಬೇಕು ಎಂದು ನರ್ಸು ಹೇಳಿದಳು. ಕಾಗದಗಳು ಡಾಕ್ಟರ ಮೇಜಿಗೆ ಹೋದವು. ಬಾಗಿಲ ಬಳಿ ಬಂದು ಡಾಕ್ಟರು, “ಮನೆಯವರು ಬನ್ನಿ,” ಎಂದಾಗ ಅಜ್ಜಿ ಎದ್ದು ನಿಂತಳು.

“ನಾನೇ ಮನೆಯವಳು,” ಎಂದಳು. “ಅವರು ಇಲ್ಲೇ ಇರ್ತಾರೆ.”

ಬಾಗಿಲು ಮುಚ್ಚಿತು. ಮೂವರೂ ಬೆಂಚಿನ ಮೇಲೆ ಸಾಲಾಗಿ ಕೂತರು. ಎದುರಿನ ಗೋಡೆಯ ಮೇಲೆ ಕೈ ತೊಳೆಯುವ ವಿಧಾನದ ಚಿತ್ರಗಳಿದ್ದವು. ಪಿಟೀಲು ಅವನ್ನು ಎಷ್ಟು ಸಲ ಓದಿದಳೋ. ಬಾಗಿಲಿನಿಂದ ಡಾಕ್ಟರ ದನಿ ಗುಯ್ಗುಟ್ಟುವುದು ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನಡುವೆ ಅಜ್ಜಿಯ ದನಿ ಬರುತ್ತಿತ್ತು, ಚಿಕ್ಕ ಚಿಕ್ಕ ಪ್ರಶ್ನೆಗಳು. ಆಮೇಲೆ ಎರಡು ದನಿಯೂ ನಿಂತವು.

“ಯಾಕೆ ಸುಮ್ಮನಾದ್ರು?” ಎಂದ ಮಗ.

“ಸ್ಕ್ಯಾನ್ ನೋಡ್ತಿರಬೇಕು.”

“ಮೊದಲಿಗಿಂತ ಹೆಚ್ಚಾಗಿದೆಯೇನೋ. ಒಂದು ತಿಂಗಳು ದಂಡ ಮಾಡಿಬಿಟ್ವಿ.”

“ಹಾಗೆಲ್ಲ ಅನ್ನಬೇಡಿ ರೀ.”

“ಸಣ್ಣದು ಅಂತ ನಾನು ಅನ್ನದೇ ಇದ್ದಿದ್ರೆ...” ಎಂದು ಅವನು ಅಂಗೈಗಳನ್ನು ತೊಡೆಗೆ ಉಜ್ಜತೊಡಗಿದ. ಉಗುರಿನ ಸಂದಿಯಲ್ಲಿ ಅಂಟು ಒಣಗಿತ್ತು. ಸೊಸೆ ಅವನ ಕೈ ಹಿಡಿದು ನಿಲ್ಲಿಸಿದಳು. ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯದೆ ಹೀಗೆ ಕೂರುವುದು ಎಷ್ಟು ಕಷ್ಟ ಎಂದು ಆ ಮೂವರಿಗೂ ಈಗ ಚೆನ್ನಾಗಿ ಗೊತ್ತಾಯಿತು.

ಬಾಗಿಲು ತೆರೆಯಿತು. ಅಜ್ಜಿ ಚೌಕಟ್ಟು ಹಿಡಿದುಕೊಂಡು ಬಂದಳು. ಮುಖದಲ್ಲಿ ಏನೂ ಓದಲು ಸಿಗಲಿಲ್ಲ. ಪಿಟೀಲು ಜಾಗ ಬಿಟ್ಟುಕೊಟ್ಟಳು, ಅಜ್ಜಿ ಮಗ ಸೊಸೆಯ ನಡುವೆ ಕೂತು ಉಸಿರು ಸುಧಾರಿಸಿಕೊಂಡಳು.

“ಗುರುವಾರ ಬೆಳಿಗ್ಗೆ ಬಂದು ಅಡ್ಮಿಟ್ ಆಗ್ಬೇಕು,” ಎಂದಳು. “ಆಗ್ತೀನಿ ಅಂದಿದ್ದೀನಿ.”

“ಅವರು ಏನಂದ್ರು ಅಮ್ಮ?” ಎಂದ ಮಗ. “ಸ್ಕ್ಯಾನ್ ಏನು ಬಂತು?”

ಅಜ್ಜಿ ಅವನ ಕಡೆ ತಿರುಗಿದಳು. ಅವನು ಮತ್ತೆ ಅಂಗೈಗಳನ್ನು ತೊಡೆಗೆ ಉಜ್ಜುತ್ತಿದ್ದ, ತಲೆಯ ಕೂದಲು ಅರ್ಧ ನೆರೆತಿತ್ತು. ಸೊಸೆಯನ್ನು ನೋಡಿದಳು, ಎದುರಿಗೆ ನಿಂತು ಉಗುರು ಕಚ್ಚುತ್ತಿದ್ದ ಪಿಟೀಲನ್ನು ನೋಡಿದಳು. ಎಷ್ಟೋ ದಿನಗಳ ಮೇಲೆ ಮಗನ ಕೈಯನ್ನು ತಾನಾಗಿ ತೆಗೆದುಕೊಂಡಳು.

“ಹೇಳೇ ಅಮ್ಮ.”

“ಹೇಳ್ತೀನಿ ಇರೋ,” ಎಂದಳು ಅಜ್ಜಿ. “ನಿನಗೆ ಹೇಗೆ ಹೇಳೋದು ಅಂತ ನೋಡ್ತಿದ್ದೀನಿ.”